ನಾನೇ ಪ್ರಿಂಟ್ ತೆಗೆದ ರಿಪೋರ್ಟು

ಕುಷಾಯಿಗೂಡದ ಬಸ್ ಡಿಪೋದಿಂದ ಸ್ವಲ್ಪ ಒಳಗೆ, ಒಂದು ಮೆಡಿಕಲ್ ಶಾಪಿನ ಮಗ್ಗುಲಲ್ಲಿ, ಎರಡು ಕೋಣೆಯ ಲ್ಯಾಬಿನಲ್ಲಿ ನಾನು ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಇಪ್ಪತ್ತೆರಡು ವರ್ಷವಾಯಿತು. ಬೆಳಿಗ್ಗೆ ಆರೂವರೆಗೆ ಶಟರ್ ಎತ್ತುವ ಹೊತ್ತಿಗೇ ಖಾಲಿ ಹೊಟ್ಟೆಯವರ ಸಾಲು ನಿಂತಿರುತ್ತದೆ: ಇಸಿಐಎಲ್‌ನಿಂದ ನಿವೃತ್ತರಾದ ಹಿರಿಯರು, ಚರ್ಲಪಲ್ಲಿ ಕಾರ್ಖಾನೆಗಳಿಗೆ ಶಿಫ್ಟಿಗೆ ಹೊರಟವರು, ನಾಗಾರಂ, ದಮ್ಮಾಯಿಗೂಡದ ಕಡೆ ಕಟ್ಟಡ ಕೆಲಸಕ್ಕೆ ಗುಳೆ ಬಂದ ಯಾದಗಿರಿ, ರಾಯಚೂರಿನ ನಮ್ಮ ಜನ. ತೆಲುಗಿನಲ್ಲಿ ಹೆಸರು ಕೇಳಿ, ಉರ್ದುವಿನಲ್ಲಿ ಮುಷ್ಟಿ ಬಿಗಿ ಹಿಡಿಯಲು ಹೇಳಿ, ಕನ್ನಡದವರು ಸಿಕ್ಕರೆ "ಯಾವೂರ್ರಿ ನಿಮ್ದು?" ಎಂದು ಮಾತಿಗೆಳೆದು ಸೂಜಿ ಚುಚ್ಚುವುದು ನನ್ನ ದಿನಚರಿ.

ನಮ್ಮದು ಸೇಡಂ ತಾಲ್ಲೂಕು. ನನ್ನನ್ನು ಈ ಊರಿಗೆ ಕರೆತಂದು, ಬಾಡಿಗೆಯ ಸಣ್ಣ ಮನೆಯಲ್ಲಿ ಇಟ್ಟುಕೊಂಡು, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಫೀಸು ಕಟ್ಟಿದವರು ಅಕ್ಕನ ಗಂಡ. ಭಾವ ಚರ್ಲಪಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತು ಕೆಲಸ ಶುರುಮಾಡಿ ಸೂಪರ್‌ವೈಸರ್ ಆದವರು. ಹೆಂಡ ಮುಟ್ಟಿದವರಲ್ಲ, ಮಾಂಸ ತಿಂದವರಲ್ಲ, ಎಲೆ ಅಡಿಕೆಯೂ ಹಬ್ಬಕ್ಕಷ್ಟೇ. ನಲವತ್ತರಲ್ಲಿ ಸಕ್ಕರೆ ಕಾಯಿಲೆ ಬಂತು, ಹೊಟ್ಟೆ ಒಂದಿಷ್ಟು ಮುಂದೆ ಬಂತು. ನಮ್ಮ ಪೈಕಿ ಯಾರಿಗೆ ಅವೆರಡು ಇಲ್ಲ ಹೇಳಿ?

ಅವರ ಯಕೃತ್ತು ಗಂಟುಗಟ್ಟಿ ಗಟ್ಟಿಯಾಗಿದೆ, ಅಂದರೆ ಸಿರೋಸಿಸ್ ಆಗಿದೆ ಎಂದು ನಮಗೆ ತಿಳಿದದ್ದು 2023ರ ಡಿಸೆಂಬರಿನಲ್ಲಿ. ಅದಕ್ಕೆ ಹದಿನಾರು ತಿಂಗಳು ಮೊದಲೇ ಆ ಸುದ್ದಿ ಹೊತ್ತ ಕಾಗದವೊಂದು ನನ್ನ ಲ್ಯಾಬಿನ ಪ್ರಿಂಟರಿನಿಂದ ನನ್ನ ಕೈಗೇ ಬಂದಿತ್ತು. ಓದಲು ಬಾರದವರು ಓದಲಿಲ್ಲ ಎಂದರೆ ಒಂದು ಮಾತು. ನನಗೆ ಓದಲು ಬರುತ್ತಿತ್ತು.

2022ರ ಆಗಸ್ಟಿನಲ್ಲಿ ಭಾವನಿಗೆ ಜ್ವರ ಬಂತು. ಮಳೆಗಾಲ, ಎಲ್ಲರಿಗೂ ಡೆಂಗ್ಯೂ ಭಯ. ರಕ್ತ ನಾನೇ ತೆಗೆದೆ, ಮಷೀನಿಗೆ ನಾನೇ ಹಾಕಿದೆ. ಪ್ಲೇಟ್‌ಲೆಟ್ 96,000 ಬಂತು. ಒಂದೂವರೆ ಲಕ್ಷದ ಮೇಲೆ ಇರಬೇಕಾದ್ದು. ಡೆಂಗ್ಯೂ ಪರೀಕ್ಷೆ ನೆಗೆಟಿವ್. "ವೈರಲ್ ಜ್ವರ ಭಾವ, ಹೆದರಬ್ಯಾಡ್ರಿ" ಅಂದೆ. ಮೂರು ವಾರದ ನಂತರ ಮತ್ತೆ ನೋಡಿದಾಗ 1,04,000. ಜ್ವರ ಬಿಟ್ಟು ಹದಿನೈದು ದಿನವಾಗಿತ್ತು, ಪ್ಲೇಟ್‌ಲೆಟ್ ಮಾತ್ರ ಮೇಲೆದ್ದಿರಲಿಲ್ಲ. ಅದೇ ಕಾಗದದಲ್ಲಿ ಯಕೃತ್ತಿನ ಎಂಜೈಮುಗಳೂ ಇದ್ದವು: ಎಸ್‌ಜಿಒಟಿ 58, ಎಸ್‌ಜಿಪಿಟಿ 44. ಅಂಥ ಭಯ ಬೀಳುವ ಸಂಖ್ಯೆಗಳಲ್ಲ. "ನಿಧಾನಕ್ಕೆ ಏರತದ ಬಿಡ್ರಿ" ಎಂದು ಮಡಚಿ ಕೊಟ್ಟೆ. ಅಕ್ಕ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಳು. ಆ ಚೀಲದಲ್ಲಿ ಅದಾಗಲೇ ಹಳೆಯ ಸ್ಕ್ಯಾನಿಂಗ್ ರಿಪೋರ್ಟೊಂದಿತ್ತು. "ಗ್ರೇಡ್ 2 ಫ್ಯಾಟಿ ಲಿವರ್" ಎಂದು ಅದರಲ್ಲಿ ಬರೆದಿತ್ತು. ಈ ಊರಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಂಡು ಫ್ಯಾಟಿ ಲಿವರ್ ಇಲ್ಲದೆ ಹೊರಬಂದವರನ್ನು ನಾನು ಕಂಡದ್ದು ಕಡಿಮೆ. ಹಾಗಾಗಿ ಆ ಪದ ಕಣ್ಣಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ.

ಡಿಸೆಂಬರಿನ ಆ ರಾತ್ರಿ ಅಕ್ಕ ಫೋನ್ ಮಾಡಿದಳು. "ತಮ್ಮಾ, ರಕ್ತ ಕಾರ್ಲಿಕ್ಕತ್ತಾರ, ಲಗೂನ ಬಾ." ನಾಲ್ಕು ಗಲ್ಲಿ ದಾಟಿ ಓಡಿದೆ. ಬಚ್ಚಲ ಟೈಲ್ಸಿನ ಮೇಲೆ ಎಷ್ಟು ರಕ್ತವಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ದಿನವೂ ರಕ್ತ ಕಾಣುವ ನನ್ನ ಕಾಲುಗಳೇ ನಡುಗಿದವು. 108 ಬಂತು. ಆಸ್ಪತ್ರೆಯಲ್ಲಿ ರಕ್ತ ಏರಿಸಿ, ಬಾಯಿಂದ ಎಂಡೋಸ್ಕೋಪ್ ಇಳಿಸಿ, ಅನ್ನನಾಳದಲ್ಲಿ ಉಬ್ಬಿ ಒಡೆದಿದ್ದ ರಕ್ತನಾಳಗಳಿಗೆ ಸಣ್ಣ ರಬ್ಬರ್ ಬ್ಯಾಂಡ್ ಹಾಕಿ ಬಿಗಿದರು. ಬೆಳಗಿನ ಜಾವ ನಾಲ್ಕಕ್ಕೆ ಒಬ್ಬರು ಹೊರಗೆ ಬಂದು "ಪರವಾಗಿಲ್ಲ, ನಿಂತಿದೆ" ಎಂದರು. ಅಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಅನ್ನನಾಳದಲ್ಲಿ ರಕ್ತ ಯಾಕೆ? ಯಕೃತ್ತಿಗೂ ಅದಕ್ಕೂ ಏನು ಸಂಬಂಧ? ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ. ನಮ್ಮ ಇಸಿಐಎಲ್ ಚೌರಸ್ತಾ ನೋಡಿದವರಿಗೆ ಬೇಗ ತಿಳಿಯುತ್ತದೆ. ಕರುಳಿನಿಂದ, ಗುಲ್ಮದಿಂದ ಬರುವ ರಕ್ತವೆಲ್ಲ ಒಂದು ದೊಡ್ಡ ರಕ್ತನಾಳದ ಮೂಲಕ ಯಕೃತ್ತಿನೊಳಗೆ ಹೋಗಿ, ಸೋಸಿಕೊಂಡು, ಹೃದಯದ ದಾರಿ ಹಿಡಿಯಬೇಕು. ಯಕೃತ್ತಿಗೆ ವರ್ಷಗಟ್ಟಲೆ ಪೆಟ್ಟು ಬೀಳುತ್ತಿದ್ದರೆ ಗಾಯ ಮಾಯ್ದ ಜಾಗದಲ್ಲಿ ಸುಟ್ಟ ಚರ್ಮದ ಹಾಗೆ ಗಟ್ಟಿ ಕಲೆ ಉಳಿಯುತ್ತದೆ. ಕಲೆಗಳು ಒಂದಕ್ಕೊಂದು ಕೂಡಿ, ನಡುವೆ ಗಂಟುಗಳೆದ್ದು, ಮೆತ್ತಗಿನ ಅಂಗ ಬಿರುಸಾಗುತ್ತದೆ. ಒಳಗೆ ದಾರಿ ಸಿಗದ ರಕ್ತ, ಚೌರಸ್ತಾ ಜಾಮ್ ಆದಾಗ ಆಟೋಗಳು ಓಣಿ ಓಣಿಗೆ ನುಗ್ಗುವ ಹಾಗೆ, ಅನ್ನನಾಳದ, ಜಠರದ ಸಣ್ಣ ನಾಳಗಳಿಗೆ ನುಗ್ಗುತ್ತದೆ. ಓಣಿಗೆ ಅಷ್ಟು ವಾಹನ ತಡೆಯುವ ಶಕ್ತಿ ಇರುವುದಿಲ್ಲ. ಒಂದು ದಿನ ಒಡೆಯುತ್ತದೆ. ಹಿಂದೆ ಸರಿದ ಒತ್ತಡಕ್ಕೆ ಗುಲ್ಮವೂ ಊದುತ್ತದೆ, ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನನ್ನ 96,000ದ ಗುಟ್ಟು ಅದು. ಜ್ವರ ಒಂದು ನೆಪವಾಗಿತ್ತು.

ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಬಂದು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಕೂತು ಮಾತಾಡುವ ಡಾಕ್ಟರನ್ನು ಅಕ್ಕ ಅದೇ ಮೊದಲು ಕಂಡದ್ದು. ಭಾವನನ್ನು ಬಿಟ್ಟು ಅಕ್ಕನನ್ನೇ ಒಂದೊಂದಾಗಿ ಕೇಳುತ್ತಾ ಹೋದರು. ತೆಲುಗಿನ ಪ್ರಶ್ನೆ ನಾನು ಕನ್ನಡಕ್ಕೆ ತರುವ ಮೊದಲೇ ಅಕ್ಕ ತಲೆಯಾಡಿಸುತ್ತಿದ್ದಳು.

ಸಂಜೆಗೆ ಪಾದ ಊದುತ್ತಿತ್ತಾ? ಊದುತ್ತಿತ್ತು. ಚಪ್ಪಲಿಯ ಪಟ್ಟಿ ಒತ್ತಿದ ಜಾಗ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ದಿನವಿಡೀ ನಿಂತು ಕೆಲಸ ಮಾಡುವವರಿಗೆ ಅದು ಇದ್ದದ್ದೇ ಎಂದುಕೊಂಡಿದ್ದೆವು.

ಹಲ್ಲುಜ್ಜುವಾಗ ರಕ್ತ? ಬರುತ್ತಿತ್ತು. ಬ್ರಷ್ ಬದಲಿಸಿದೆವು.

ಬಟ್ಟೆ ಸಡಿಲಾಗಿತ್ತಾ, ಬಿಗಿಯಾಗಿತ್ತಾ? ಈ ಪ್ರಶ್ನೆಗೆ ಅಕ್ಕ ನನ್ನ ಮುಖ ನೋಡಿದಳು. ಆ ದಸರಾಕ್ಕೆ ನಮ್ಮ ಗಲ್ಲಿಯ ಟೈಲರ್ ಚಾಚಾ ಅಳತೆ ತೆಗೆಯುತ್ತಾ, "ಕ್ಯಾ ಭಾಯ್, ಪೇಟ್ ಬಢ್ ರಾ, ಕಂಧಾ ಘಟ್ ರಾ" ಎಂದಿದ್ದ. ಹೊಟ್ಟೆ ಬೆಳೆಯುತ್ತಿದೆ, ಭುಜ ಇಳಿಯುತ್ತಿದೆ. ಪ್ಯಾಂಟಿನ ಸೊಂಟ ಬಿಡಿಸಬೇಕು, ಅಂಗಿಯ ತೋಳು ಹಿಡಿಯಬೇಕು. ಎಲ್ಲರೂ ನಕ್ಕಿದ್ದೆವು. ಡಾಕ್ಟರಮ್ಮ ನಗಲಿಲ್ಲ. "ನಿಮ್ಮ ಟೈಲರ್ ಸರಿಯಾಗಿ ನೋಡಿದ್ದಾನೆ" ಎಂದರು. ಯಕೃತ್ತು ಸೋತಾಗ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಉರಿಸಿಕೊಳ್ಳುತ್ತದೆ, ತೋಳು, ಭುಜ, ಕೆನ್ನೆಯ ಮಗ್ಗುಲು ಬತ್ತುತ್ತವೆ. ಅದೇ ಹೊತ್ತಿಗೆ ಹೊಟ್ಟೆಯೊಳಗೆ ನೀರು ತುಂಬುತ್ತದೆ. ತಕ್ಕಡಿಯ ಮೇಲೆ ನಿಂತರೆ ತೂಕ ಅಷ್ಟೇ ಇರುತ್ತದೆ. ಬೊಜ್ಜಿನ ಹೊಟ್ಟೆಗೂ ನೀರಿನ ಹೊಟ್ಟೆಗೂ ಇರುವ ವ್ಯತ್ಯಾಸ ಮಲಗಿದಾಗ ಕಾಣುತ್ತದಂತೆ: ನೀರು ತುಂಬಿದ್ದರೆ ಪಕ್ಕೆಗಳು ಅಗಲಕ್ಕೆ ಉಬ್ಬುತ್ತವೆ.

ಆಮೇಲೆ ಭಾವನ ಅಂಗೈ ತಿರುಗಿಸಿ ತೋರಿಸಿದರು. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ ಕುಂಕುಮ ಒರೆಸಿದಷ್ಟು ಕೆಂಪು. ಎದೆಯ ಮೇಲೆ ಮೂರು ನಾಲ್ಕು ಕಡೆ ಸಣ್ಣ ಕೆಂಪು ಚುಕ್ಕಿ, ಚುಕ್ಕಿಯಿಂದ ಜೇಡನ ಕಾಲಿನ ಹಾಗೆ ಹೊರಟ ಎಳೆಗಳು. ಬೆರಳಿನಿಂದ ಒತ್ತಿದರೆ ಮಾಯ, ಬಿಟ್ಟರೆ ನಡುವಿನಿಂದ ಮತ್ತೆ ತುಂಬಿಕೊಳ್ಳುತ್ತದೆ. ಸೆಖೆಗೆ ಬಂದ ಗುಳ್ಳೆ ಎಂದು ಅಕ್ಕ ಅದಕ್ಕೆ ಪೌಡರ್ ಹಾಕುತ್ತಿದ್ದಳು. ಗಂಡಸರಲ್ಲಿ ಕೆಲವರಿಗೆ ಎದೆ ಹೆಂಗಸರಂತೆ ಉಬ್ಬಿ ನೋಯುತ್ತದೆ, ಹೆಂಗಸರಲ್ಲಿ ಮುಟ್ಟು ಏರುಪೇರಾಗುತ್ತದೆ. ದೇಹದ ಹಾರ್ಮೋನುಗಳನ್ನು ಕಾಲಕಾಲಕ್ಕೆ ಕರಗಿಸುವ ಕೆಲಸವೂ ಯಕೃತ್ತಿನದೇ ಆದ್ದರಿಂದ. ಇದನ್ನೆಲ್ಲ ಮನೆಯಲ್ಲಿ ಯಾರು ಯಾರಿಗೆ ಹೇಳಿಕೊಳ್ಳುತ್ತಾರೆ?

ನನಗೆ ಕಪಾಳಕ್ಕೆ ಹೊಡೆದಂತಾದದ್ದು ಸಕ್ಕರೆಯ ಪ್ರಶ್ನೆ. "ಇತ್ತೀಚೆಗೆ ಶುಗರ್ ತಾನಾಗಿಯೇ ಕಡಿಮೆ ಆಯಿತಾ?" ಆಗಿತ್ತು. ಹದಿಮೂರು ವರ್ಷ ಹಟ ಮಾಡಿದ ಸಕ್ಕರೆ ಆ ವರ್ಷ ಇಳಿದಿತ್ತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.2ರಿಂದ 6.1ಕ್ಕೆ ಬಂದಾಗ ನಾನೇ ಕೆಂಪು ಪೆನ್ನಿನಿಂದ ಸುತ್ತು ಹಾಕಿ "ಭಾವ, ಪೇಢೆ ಕೊಡಿಸ್ರಿ" ಎಂದಿದ್ದೆ. ಕೊಡಿಸಿದ್ದರು. ಹಸಿವಾದಾಗ ರಕ್ತಕ್ಕೆ ಸಕ್ಕರೆ ಬಿಡುವ ಉಗ್ರಾಣವೇ ಯಕೃತ್ತು. ಉಗ್ರಾಣ ಬರಿದಾದರೆ ಸಕ್ಕರೆ ಇಳಿಯುತ್ತದೆ. ಜೊತೆಗೆ ಊದಿದ ಗುಲ್ಮ ಕೆಂಪು ರಕ್ತಕಣಗಳನ್ನು ಬೇಗ ಒಡೆಯುವುದರಿಂದ ಆ ಪರೀಕ್ಷೆಯೇ ಸುಳ್ಳು ಹೇಳುತ್ತದೆ. ನಾವು ಪೇಢೆ ತಿಂದದ್ದು ಕಾಯಿಲೆ ಬಲಿತದ್ದಕ್ಕೆ.

ರಾತ್ರಿ ನಿದ್ದೆ? "ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡು ಕೂಡ್ತಿದ್ರು, ಹಗಲು ತೂಕಡಿಸ್ತಿದ್ರು" ಎಂದಳು ಅಕ್ಕ. ಸಿಟ್ಟೂ ಹೆಚ್ಚಿತ್ತು. ಒಂದು ಸಲ ವರ್ಕ್‌ಶಾಪಿನಲ್ಲಿ ಹಾಜರಿ ಪುಸ್ತಕ ಬರೆಯುತ್ತಾ ಎಲ್ಲರ ಹೆಸರನ್ನೂ ಹಿಂದಿನ ತಿಂಗಳ ಪುಟದಲ್ಲಿ ಬರೆದಿದ್ದರು. ಸೆಪ್ಟೆಂಬರಿನಲ್ಲಿ ಮಗನ ಕಾಲೇಜಿಗೆ ಕೊಟ್ಟ ಚೆಕ್ ವಾಪಸ್ಸಾಗಿತ್ತು. ದುಡ್ಡಿತ್ತು, ಸಹಿ ತಾಳೆಯಾಗಿರಲಿಲ್ಲ. ಇಪ್ಪತ್ತೈದು ವರ್ಷ ಒಂದೇ ಅಚ್ಚಿನಂತೆ ಮಾಡಿದ ಸಹಿ. ಕರುಳಿನಲ್ಲಿ ಹುಟ್ಟುವ ಅಮೋನಿಯಾದಂಥ ವಿಷವನ್ನು ಯಕೃತ್ತು ತೆಗೆಯದೆ ಹೋದಾಗ ಅದು ಮಿದುಳಿಗೆ ಹೋಗುತ್ತದೆ, ಕೈಬರಹ ಮೊದಲು ಕೆಡುವುದುಂಟು ಎಂದರು ಡಾಕ್ಟರಮ್ಮ. ಎರಡೂ ಕೈ ಮುಂದೆ ಚಾಚಿ, ಟ್ರಾಫಿಕ್ ಪೊಲೀಸರು ವಾಹನ ನಿಲ್ಲಿಸುವ ಹಾಗೆ ಅಂಗೈ ಮೇಲೆತ್ತಿ ಹಿಡಿಯಲು ಭಾವನಿಗೆ ಹೇಳಿದರು. ಕೈಗಳು ಹಕ್ಕಿ ರೆಕ್ಕೆ ಬಡಿದಂತೆ ಒಂದೆರಡು ಸಲ ಕೆಳಗೆ ಬಿದ್ದು ಎದ್ದವು.

ಕೊನೆಯ ಪ್ರಶ್ನೆ ಮಲದ ಬಣ್ಣದ್ದು. ಎರಡು ವಾರದಿಂದ ಡಾಂಬರಿನಂತೆ ಕಪ್ಪಗೆ, ಅಂಟು ಅಂಟಾಗಿ ಹೋಗುತ್ತಿತ್ತು. ನಿಶ್ಶಕ್ತಿಗೆಂದು ಕಬ್ಬಿಣದ ಮಾತ್ರೆ ಶುರುವಾಗಿದ್ದರಿಂದ ಮಾತ್ರೆಯ ಬಣ್ಣ ಎಂದುಕೊಂಡಿದ್ದರು. ಅದು ಒಳಗೆ ಸೋರಿ ಜೀರ್ಣವಾದ ರಕ್ತವಾಗಿತ್ತು. ಇದೊಂದನ್ನು ದಯವಿಟ್ಟು ನೆನಪಿಡಿ: ಡಾಂಬರಿನ ಬಣ್ಣದ ಮಲ, ರಕ್ತದ ವಾಂತಿ, ಮಂಕು ಕವಿದು ಮಾತು ತಪ್ಪುವುದು, ಹೊಟ್ಟೆಯಲ್ಲಿ ನೀರಿರುವವರಿಗೆ ಜ್ವರ ಅಥವಾ ಹೊಟ್ಟೆನೋವು. ಇವಕ್ಕೆ ಬೆಳಗಾಗುವ ತನಕ ಕಾಯಬಾರದು.

ಇಷ್ಟೆಲ್ಲ ಇದ್ದರೂ ಭಾವನ ಕಣ್ಣು ಒಂದು ದಿನವೂ ಹಳದಿಯಾಗಿರಲಿಲ್ಲ. ನಮ್ಮ ಕಡೆ ಲಿವರ್ ಬೇನೆ ಅಂದರೆ ಕಾಮಣಿ, ಈ ಕಡೆ ಪಚ್ಚಕಾಮೆರ್ಲು. ಹಳದಿ ಕಾಣದಿದ್ದರೆ ಲಿವರ್ ಚೆನ್ನಾಗಿದೆ ಎಂದೇ ಲೆಕ್ಕ. ಸಿರೋಸಿಸ್‌ನಲ್ಲಿ ಕಾಮಾಲೆ ಬಹಳ ಸಲ ತಡವಾಗಿ ಬರುವ ಅತಿಥಿ. ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗಕ್ಕೆ ಮೀಸಲು ಶಕ್ತಿ ಹೆಚ್ಚು, ಬಹುಪಾಲು ಕೆಟ್ಟರೂ ಉಳಿದ ಭಾಗ ಸದ್ದಿಲ್ಲದೆ ಕೆಲಸ ಎಳೆಯುತ್ತದೆ. ಅಂದಹಾಗೆ ಆ ಹೆಸರಿನಲ್ಲೇ ಬಣ್ಣ ಇದೆ. ಸ್ಟೆತಸ್ಕೋಪ್ ಕಂಡುಹಿಡಿದ ಫ್ರೆಂಚ್ ವೈದ್ಯ ಲೆನೆಕ್ 1819ರಲ್ಲಿ ಹಳದಿಗಂದು ಎಂಬರ್ಥದ ಗ್ರೀಕ್ ಪದದಿಂದ ಸಿರೋಸಿಸ್ ಎಂಬ ಹೆಸರು ಕಟ್ಟಿದ. ಆದರೆ ಅವನು ಆ ಬಣ್ಣ ಕಂಡದ್ದು ಹೆಣ ಕೊಯ್ದಾಗ, ಯಕೃತ್ತಿನ ಮೇಲೆ.

ಇನ್ನು ಆ ಇನ್ನೊಂದು ಪ್ರಶ್ನೆ. ವಾರ್ಡಿನ ಆಯಾ ಕೇಳಿದಳು, ಪಕ್ಕದ ಹಾಸಿಗೆಯವರು ಕೇಳಿದರು, ನೋಡಲು ಬಂದ ಮನೆ ಮಾಲೀಕರು ದನಿ ತಗ್ಗಿಸಿ ಕೇಳಿದರು: "ಮಂದು ತಾಗುತಾರಾ?" ಊರಿನಿಂದ ಫೋನ್ ಮಾಡಿದ ದೊಡ್ಡಪ್ಪ ಕೇಳಲೂ ಇಲ್ಲ, ತೀರ್ಮಾನವೇ ಮಾಡಿದರು: "ಹೈದ್ರಾಬಾದಿಗೆ ಹೋಗಿ ಕೆಟ್ಟ ನೋಡು." ಅಂದಿನಿಂದ ಅಕ್ಕ ಕಾಯಿಲೆಯ ಹೆಸರು ಹೇಳುವುದನ್ನೇ ಬಿಟ್ಟಳು. ಹೊಟ್ಟೆಯ ಹುಣ್ಣು ಎನ್ನತೊಡಗಿದಳು. ಭಾವ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಡಾಕ್ಟರಮ್ಮನಿಗೂ ಈ ಪ್ರಶ್ನೆ ಕೇಳಬೇಕಾಗುತ್ತದೆ, ಅವರು ಕೇಳಿದ್ದು ಬೇರೆ ರೀತಿ. ಉತ್ತರ ನಂಬಿದರು.

ಮದ್ಯ ದೊಡ್ಡ ಕಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಕಾರಣ ಅಲ್ಲ. ಸಕ್ಕರೆ ಕಾಯಿಲೆ, ಸೊಂಟದ ಬೊಜ್ಜು, ಅದರಿಂದ ಯಕೃತ್ತಿನಲ್ಲಿ ಕೂಡುವ ಕೊಬ್ಬು: ಭಾವನದು ಈ ದಾರಿ. ಈ ಕಾಯಿಲೆಯನ್ನು ಕೇಂದ್ರ ಸರ್ಕಾರ 2021ರಲ್ಲಿ ಸಕ್ಕರೆ, ರಕ್ತದೊತ್ತಡ, ಕ್ಯಾನ್ಸರುಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೇ ಸೇರಿಸಿತು. ಇನ್ನೊಂದು ದಾರಿ ಹೆಪಟೈಟಿಸ್ ಬಿ ಮತ್ತು ಸಿ ವೈರಸ್. ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಶುರುವಾದದ್ದು. 1982ರ ಜುಲೈನಲ್ಲಿ ಅಲ್ಲಿ "ಕೂಲಿ" ಚಿತ್ರದ ಹೊಡೆದಾಟದ ದೃಶ್ಯದಲ್ಲಿ ಅಮಿತಾಭ್ ಬಚ್ಚನ್ ಹೊಟ್ಟೆಗೆ ಪೆಟ್ಟು ಬಿತ್ತು. ಬದುಕಿಸಲು ಅನೇಕ ದಾನಿಗಳ ರಕ್ತ ಕೊಟ್ಟರು. ಅದರಲ್ಲಿ ಯಾರದೋ ರಕ್ತದಲ್ಲಿ ಹೆಪಟೈಟಿಸ್ ಬಿ ಇತ್ತು. ಅದು ಪತ್ತೆಯಾದದ್ದು ಸುಮಾರು ಹದಿನೆಂಟು ವರ್ಷದ ನಂತರ, ಒಂದು ಮಾಮೂಲಿ ತಪಾಸಣೆಯಲ್ಲಿ. ಅಷ್ಟರಲ್ಲಿ ಯಕೃತ್ತಿನ ಮುಕ್ಕಾಲು ಪಾಲು ಹೋಗಿತ್ತು, ಉಳಿದ ಕಾಲು ಪಾಲಿನಲ್ಲಿ ಬದುಕಿದ್ದೇನೆ ಎಂದು ಅವರೇ ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. ದೇಶವೆಲ್ಲ ದಿನವೂ ನೋಡುತ್ತಿದ್ದ ಮನುಷ್ಯ, ಹದಿನೆಂಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ವಾರ್ಡಿನಲ್ಲಿ ನಾನು ಈ ಕಥೆ ಹೇಳಿದ ದಿನ ಭಾವ ಗೋಡೆಯಿಂದ ಈಚೆ ತಿರುಗಿದರು. ಅವರು ಬಚ್ಚನ್ ಅಭಿಮಾನಿ.

ಹೆಪಟೈಟಿಸ್ ಬಿಗೆ ಲಸಿಕೆ ಇದೆ. ವಿದೇಶದ್ದು ಕೊಳ್ಳಲಾಗದಷ್ಟು ದುಬಾರಿ ಇದ್ದಾಗ, 1997ರಲ್ಲಿ ನಮ್ಮ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶೀಯವಾಗಿ ತಯಾರಿಸಿದ ಲಸಿಕೆಯನ್ನು ಮಾರುಕಟ್ಟೆಗೆ ತಂದಿತು. ಈಗ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟಿದ ದಿನವೇ ಹಾಕುತ್ತಾರೆ. ನಲವತ್ತು ದಾಟಿದ ನಮ್ಮ ತಲೆಮಾರಿಗೆ ಅದು ಸಿಕ್ಕಿರಲಿಲ್ಲ, ಹಾಗಾಗಿ ಜೀವನದಲ್ಲಿ ಒಮ್ಮೆಯಾದರೂ ಬಿ ಮತ್ತು ಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಿ ವೈರಸ್ಸನ್ನು ಸಾಮಾನ್ಯವಾಗಿ ಹನ್ನೆರಡು ವಾರದ ಮಾತ್ರೆಯಲ್ಲಿ ಪೂರ್ತಿ ತೆಗೆಯಬಹುದು, ಬಿ ವೈರಸ್ಸನ್ನು ಮಾತ್ರೆಯಲ್ಲಿ ಅಡಗಿಸಿಡಬಹುದು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇವಕ್ಕೆ ಪರೀಕ್ಷೆ, ಔಷಧ ಉಚಿತ.

ಕುಡಿಯುವವರ ವಿಷಯವನ್ನೂ ಹೇಳಬೇಕು. ಭಾವ ಕುಡಿಯುತ್ತಿರಲಿಲ್ಲ ಎಂದು ನಾನು ಇಷ್ಟು ಸಲ ಒತ್ತಿ ಹೇಳುವಾಗ, ಕುಡಿದವರಿಗೆ ಬಂದರೆ ಸರಿ ಎಂಬ ಧ್ವನಿ ಬರುತ್ತದಲ್ಲ, ಅದು ನನಗೇ ಹಿಡಿಸುವುದಿಲ್ಲ. ಕಳೆದ ಬೇಸಿಗೆಯಲ್ಲಿ ಯಾದಗಿರಿ ಕಡೆಯ ಒಬ್ಬ ಸೆಂಟ್ರಿಂಗ್ ಕೆಲಸದವನನ್ನು ಹೆಂಡತಿ ಲ್ಯಾಬಿಗೆ ಕರೆತಂದಳು. ಮೂವತ್ತಾರು ವರ್ಷ. ಕಣ್ಣು ಅರಿಶಿಣ, ಮೂತ್ರ ಕಡು ಚಹಾ, ಕಾಲು ಊದಿ ಹೊಳೆಯುತ್ತಿದ್ದವು. ಎರಡು ತಿಂಗಳು ಪಸರು ಮಂದು ಕುಡಿಸಿ, ಮುಂಗೈಗೆ ಬರೆ ಹಾಕಿಸಿದ್ದರು. ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದರೆ, "ಅಲ್ಲಿ ಕುಡಕ ಅಂತ ಎಲ್ಲಾರ ಎದುರು ಬೈತಾರ್ರಿ" ಎಂದ. ಬೈಗುಳಕ್ಕೆ ಹೆದರಿ ಎರಡು ತಿಂಗಳು. ಅವನನ್ನು ಆಟೋದಲ್ಲಿ ಕೂರಿಸಿ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಆರು ತಿಂಗಳ ಮೇಲೆ ತಾನೇ ನಡೆದು ಬಂದು ರಕ್ತ ಕೊಟ್ಟು ಹೋದ. ಕುಡಿತ ಪೂರ್ತಿ ಬಿಟ್ಟಿದ್ದ. ಬಲಿತ ಸಿರೋಸಿಸ್‌ನಲ್ಲೂ ಬಿಟ್ಟವರಿಗೆ ಆಯುಷ್ಯ ಹೆಚ್ಚುತ್ತದೆ, ಕೆಲವರಿಗೆ ನೀರು, ಕಾಮಾಲೆ ಇಳಿಯುವುದೂ ಉಂಟು. ಆದರೆ ವರ್ಷಗಟ್ಟಲೆ ದಿನವೂ ಕುಡಿದವರು ವೈದ್ಯರಿಗೆ ಹೇಳದೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅದನ್ನು ಆಸ್ಪತ್ರೆಯ ಸಹಾಯದಲ್ಲೇ ಮಾಡಬೇಕು. ಇನ್ನು ಪಸರು, ಕಷಾಯದ ವಿಷಯ: ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಪೆಟ್ಟಾದ ಆರು ಜನರ ಬಗ್ಗೆ 2021ರಲ್ಲಿ ಮುಂಬೈನ ವೈದ್ಯರು ಬರೆದರು. ಅದರ ಮೇಲೆ ವಾದ ವಿವಾದ ನಡೆಯಿತು. ಮೊದಲೇ ಯಕೃತ್ತು ಕೆಟ್ಟವರು ಆ ವಾದ ಮುಗಿಯುವ ತನಕ ದೂರ ಇರುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ.

ಈಗ ನನ್ನ ಕಸುಬಿನ ಮಾತು. ಯಕೃತ್ತಿನ ಪರೀಕ್ಷೆಯಲ್ಲಿ ಎಂಜೈಮು ನಾರ್ಮಲ್ ಬಂದರೆ ಎಲ್ಲ ಸರಿ ಎಂದುಕೊಳ್ಳಬೇಡಿ, ಸಿರೋಸಿಸ್ ಆದವರಲ್ಲೂ ಅವು ನಾರ್ಮಲ್ ಇರಬಹುದು. ನಾನು ಈಗ ನೋಡುವುದು ನಾಲ್ಕನ್ನು: ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್. ಇವಿಷ್ಟರಿಂದ ಫಿಬ್-4 ಎಂಬ ಲೆಕ್ಕ ತೆಗೆಯಬಹುದು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಸಾವಿರಗಳಲ್ಲಿ ಬರೆದ ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿ. 1.3ಕ್ಕಿಂತ ಕಡಿಮೆ ಬಂದರೆ ಯಕೃತ್ತು ಹೆಚ್ಚು ಗಟ್ಟಿಯಾಗಿರುವ ಸಂಭವ ಕಡಿಮೆ (65 ದಾಟಿದವರಿಗೆ ಈ ಗೆರೆ 2). 2.67 ದಾಟಿದರೆ ಯಕೃತ್ತಿನ ತಜ್ಞರನ್ನು ಕಾಣಬೇಕು. ನಡುವೆ ಬಂದರೆ ಫೈಬ್ರೋಸ್ಕ್ಯಾನ್ ಎಂಬ ನೋವಿಲ್ಲದ ಪರೀಕ್ಷೆಯಲ್ಲಿ ಯಕೃತ್ತು ಎಷ್ಟು ಬಿರುಸಾಗಿದೆ ಎಂದು ಅಳೆಯುತ್ತಾರೆ. ಇದು ರೋಗ ನಿರ್ಣಯ ಅಲ್ಲ, ಜ್ವರದ ನಡುವೆ ಲೆಕ್ಕ ಮಾಡಿದರೆ ತಪ್ಪುತ್ತದೆ, ಆದರೆ ಯಾರನ್ನು ಮುಂದೆ ಕಳಿಸಬೇಕು ಎಂಬುದನ್ನು ಹೇಳುತ್ತದೆ. ಜ್ವರ ಬಿಟ್ಟ ನಂತರದ ಆ ಎರಡನೆಯ ರಿಪೋರ್ಟನ್ನು ನಾನು ಆಮೇಲೆ ಬೀರುವಿನಿಂದ ತೆಗೆದು ಲೆಕ್ಕ ಹಾಕಿದೆ. ಆಗ ಭಾವನ ವಯಸ್ಸು 52. ಉತ್ತರ 4.37 ಬಂತು. ಎರಡು ಸಲ ಹಾಕಿದೆ, ಮತ್ತೆ ಅದೇ ಬಂತು. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಒಂದು ನಿಮಿಷದ ಕೆಲಸ.

ಅದನ್ನು ಭಾವನಿಗೆ ಹೇಳಿದೆ. ಹೇಳದೆ ಇರಲಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಅವತ್ತು ಹೇಳಿದ್ರೂ ನಾ ಹೋಗ್ತಿದ್ದೆ ಅಂತ ಅನ್ಕೊಂಡೀ ಏನು?" ಎಂದರು. ನನ್ನ ಸಮಾಧಾನಕ್ಕೆ ಹೇಳಿದ್ದೋ, ನಿಜವೋ, ಗೊತ್ತಿಲ್ಲ.

ಎರಡು ವರ್ಷವಾಗುತ್ತಾ ಬಂತು. ಮತ್ತೆ ಎರಡು ಸಲ ಬ್ಯಾಂಡ್ ಹಾಕಿಸಿಕೊಂಡು ಬಂದರು. ರಕ್ತನಾಳದ ಒತ್ತಡ ಇಳಿಸುವ ಮಾತ್ರೆ, ನೀರು ಇಳಿಸುವ ಮಾತ್ರೆ, ಹೊಟ್ಟೆ ಸಡಿಲ ಇಡುವ ಲ್ಯಾಕ್ಟುಲೋಸ್ ಸಿರಪ್ ನಡೆಯುತ್ತಿವೆ. ಸಿರೋಸಿಸ್ ಆದ ಯಕೃತ್ತಿನಲ್ಲಿ ಕ್ಯಾನ್ಸರ್ ಏಳುವ ಅಪಾಯ ಇರುವುದರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುತ್ತಿದ್ದ ಡೈಕ್ಲೋಫೆನಾಕ್ ಬಂದ್. ಅದು ರಕ್ತಸ್ರಾವಕ್ಕೂ ದಾರಿ, ಕಿಡ್ನಿಗೂ ಕೇಡು. ಮಗ ಇಪ್ಪತ್ತೆರಡರ ಹುಡುಗ, ತನ್ನ ಯಕೃತ್ತಿನ ಭಾಗ ಕೊಡುತ್ತೇನೆಂದು ಡಾಕ್ಟರಮ್ಮನ ಎದುರಿಗೇ ಹೇಳಿದ. ಸದ್ಯಕ್ಕೆ ಬೇಕಿಲ್ಲ, ಸ್ಥಿತಿ ಇಳಿದರೆ ಯೋಚಿಸೋಣ, ಜೀವನ್‌ದಾನ್ ಪಟ್ಟಿಯ ದಾರಿಯೂ ಇದೆ ಎಂದರು. ಆ ದಿನ ಮನೆಗೆ ಬಂದ ಮೇಲೆ ಭಾವ ಯಾರ ಜೊತೆಗೂ ಮಾತಾಡಲಿಲ್ಲ.

ಊಟದ್ದೇ ದೊಡ್ಡ ಜಗಳ. ಬೇಳೆ, ಹೆಸರುಕಾಳು, ಹಾಲು, ಮೊಸರು ಧಾರಾಳವಾಗಿ ತಿನ್ನಬೇಕು. ಲಿವರ್ ಬೇನೆಯವರಿಗೆ ಪ್ರೋಟೀನ್ ಕೊಡಬಾರದು ಎಂಬುದು ಹಳೆಯ ಕಾಲದ ಮಾತಂತೆ, ಅದರಿಂದ ಮಾಂಸಖಂಡ ಇನ್ನಷ್ಟು ಬತ್ತುತ್ತದೆ. ಮಲಗುವ ಮುನ್ನ ಏನಾದರೂ ಸ್ವಲ್ಪ ತಿಂದೇ ಮಲಗಬೇಕು. ಉಪ್ಪು ಮಾತ್ರ ದಿನಕ್ಕೆ ಎಲ್ಲಾ ಸೇರಿ ಒಂದು ಚಹಾ ಚಮಚದ ಒಳಗೆ. ಜೋಳದ ರೊಟ್ಟಿಗೆ ಹೇಗೂ ಉಪ್ಪಿಲ್ಲ, ಅದು ನಮ್ಮ ಪುಣ್ಯ. ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಹೋದವು. ಊರಿನಿಂದ ಯಾರಾದರೂ ಬಂದರೆ ಭಾವ ಅವರ ತಾಟಿನ ಕಡೆಗೇ ನೋಡುತ್ತಾ ಕೂರುತ್ತಾರೆ. ಬಂದವರಿಗೆ ಅಕ್ಕ ಈಗ ಕಾಯಿಲೆಯ ಹೆಸರು ಹೇಳುತ್ತಾಳೆ, ಕೇಳುವ ಮೊದಲೇ: "ಸಿರೋಸಿಸ್ ಆಗ್ಯದ. ಕುಡ್ದು ಅಲ್ಲ, ಶುಗರ್‌ನಿಂದ. ನಿಮ್ಗೂ ಶುಗರ್ ಅದ ಅಲ್ಲ, ತಮ್ಮನ ಲ್ಯಾಬಿಗೆ ಹೋಗಿ ಬರ್ರಿ." ದೊಡ್ಡಪ್ಪನೂ ಬಂದು ಹೋದರು.

ಡಾಕ್ಟರಮ್ಮ ಹೇಳಿಕೊಟ್ಟಂತೆ ಅಕ್ಕ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾಳೆ. ರಾತ್ರಿ ಊಟವಾದ ಮೇಲೆ ಭಾವ ಅದರಲ್ಲಿ ತಾರೀಖು ಬರೆದು, ಐದು ಮೂಲೆಯ ಒಂದು ನಕ್ಷತ್ರ ಬಿಡಿಸಿ, ಕೆಳಗೆ ಸಹಿ ಮಾಡಬೇಕು. ಗೆರೆ ಕೂಡದಿದ್ದರೆ, ಸಹಿ ಜಾರಿದರೆ ಅಕ್ಕ ನನಗೆ ಫೋನ್ ಮಾಡುತ್ತಾಳೆ, ನಾನು ಆಸ್ಪತ್ರೆಗೆ ಮಾಡುತ್ತೇನೆ. ಹೀಗೆ ಎರಡು ಸಲ ಸಮಯಕ್ಕೆ ಮೊದಲೇ ಗೊತ್ತಾಯಿತು, ಒಂದು ಸಲ ಮಲಬದ್ಧತೆಯಿಂದ, ಇನ್ನೊಂದು ಸಲ ಮೂತ್ರದ ಸೋಂಕಿನಿಂದ. ನಿನ್ನೆ ಹೋದಾಗ ಪುಟ ತೆರೆದು ನೋಡಿದೆ. ನಕ್ಷತ್ರದ ಐದೂ ಮೂಲೆ ಕೂಡಿದ್ದವು. ಸಹಿ ಬ್ಯಾಂಕಿನವರೂ ಒಪ್ಪುವಂತಿತ್ತು. ಅದರ ಕೆಳಗೆ, ಯಾರೂ ಕೇಳದಿದ್ದರೂ, ದುಂಡಗಿನ ಅಕ್ಷರದಲ್ಲಿ ಇನ್ನೊಂದು ಸಾಲು ಬರೆದಿದ್ದರು: "ಇವತ್ತಿನ ಪಲ್ಯಕ್ಕೆ ಉಪ್ಪೇ ಇರಲಿಲ್ಲ."